ತಪಾಸಣೆ ಸೊಸೆಗೆ ಮಾತ್ರವೇ?

ಮನೆಮಂದಿಯೆಲ್ಲ ಕೈಗೆತ್ತಿಕೊಂಡು ಓದುವ ಮಾಸಪತ್ರಿಕೆಯಲ್ಲಿ ಈ ವಿಷಯ ಬರೆಯುವುದು ಯೋಗ್ಯವೇ ಎಂದು ಬಹಳ ದಿನ ಯೋಚಿಸಿದೆ. ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಮುಗಿಸಿ, ನಲವತ್ತೈದು ವರ್ಷಗಳಿಂದ ಅಕ್ಕಲಕೋಟೆಯ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದವನು. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದಾಗಿ ಕಳೆದ ಕೆಲವು ವರ್ಷ ದವಾಖಾನೆಗಳ ಬಾಗಿಲಲ್ಲಿ ಬಹಳ ಹೊತ್ತು ಕುಳಿತೆ. ಡಾಕ್ಟರರಿಂದ ಕೇಳಿದ್ದು, ಬಿ.ಫಾರ್ಮ್ ಮಾಡಿದ ನನ್ನ ಕಿರಿಯ ಮಗಳು ಇಂಗ್ಲಿಷ್ ಕಾಗದಗಳನ್ನು ಓದಿ ಬಿಡಿಸಿ ಹೇಳಿದ್ದು, ಎರಡೂ ಸೇರಿ ಒಂದಿಷ್ಟು ತಿಳಿವಳಿಕೆ ಬಂತು. ಸಂಕೋಚದಿಂದ ಇದನ್ನು ಮುಚ್ಚಿಟ್ಟರೆ ಇನ್ನೊಂದು ಮನೆಯ ಹೆಣ್ಣುಮಗಳು ಸುಮ್ಮನೆ ಕಣ್ಣೀರು ಹಾಕಬೇಕಾಗುತ್ತದೆ ಎನಿಸಿ ಲೇಖನಿ ಹಿಡಿದಿದ್ದೇನೆ. ಹಿರಿಯರು ಬೇಸರಪಡಬಾರದೆಂದು ವಿನಂತಿ.

ನನ್ನ ಅಣ್ಣನ ಮಗನಿಗೆ ಮದುವೆಯಾದಾಗ 33 ವರ್ಷ. ಸಣ್ಣ ಊರಿನಲ್ಲಿ ಅಂಗಡಿ ಇಟ್ಟುಕೊಂಡ ಹುಡುಗನಿಗೆ ಹೆಣ್ಣು ಕೊಡುವವರು ಈಗ ಎಷ್ಟು ಕಡಿಮೆಯೆಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಬಂದ ಸೊಸೆ ಬಹಳ ಒಳ್ಳೆಯವಳು. ನಾಲ್ಕು ವರ್ಷಗಳಲ್ಲಿ ಅವಳಿಗೆ ಮೂರು ಸಲ ಗರ್ಭ ನಿಂತು, ಮೂರು ಸಲವೂ ಎರಡು-ಮೂರು ತಿಂಗಳಲ್ಲೇ ಇಳಿದುಹೋಯಿತು. ಮನೆಯಲ್ಲಿ ಪ್ರತಿ ಸಲಕ್ಕೂ ಒಂದು ಕಾರಣ ಸಿಕ್ಕಿತು. ಮೊದಲ ಸಲ ಪಪ್ಪಾಯಿ ತಿಂದದ್ದು. ಎರಡನೆಯ ಸಲ ಬಸ್ಸಿನಲ್ಲಿ ತವರಿಗೆ ಹೋದದ್ದು. ಮೂರನೆಯ ಸಲ ಏನೂ ಸಿಗದೆ ಅವಳ ಜಾತಕ. ಈ ಮಧ್ಯೆ ಸೊಲ್ಲಾಪುರದಲ್ಲಿ ಅವಳಿಗೆ ಆಗದ ತಪಾಸಣೆ ಉಳಿಯಲಿಲ್ಲ. ಥೈರಾಯ್ಡ್, ಗರ್ಭಕೋಶದ ಸ್ಕ್ಯಾನ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಎಂದು ಅವಳ ಫೈಲು ನಮ್ಮ ಅಂಗಡಿಯ ಕೀರ್ದಿಯಷ್ಟು ದಪ್ಪವಾಯಿತು. ಯಾವುದರಲ್ಲೂ ದೋಷ ಕಾಣಲಿಲ್ಲ. ಗಂಡನ ಹೆಸರಿನಲ್ಲಿ ಮಾತ್ರ ಒಂದು ಚೀಟಿಯೂ ಇರಲಿಲ್ಲ.

ಕೊನೆಗೆ ಒಬ್ಬ ಹಿರಿಯ ವೈದ್ಯೆಯ ಬಳಿ ಹೋದಾಗ ಆಕೆ ಫೈಲನ್ನು ಹಿಂದೆ ಮುಂದೆ ತಿರುವಿ ನೋಡಿ, "ಯಜಮಾನರ ಕಾಗದ ಎಲ್ಲಿ?" ಎಂದು ಕೇಳಿದರು. ನಮ್ಮ ಅತ್ತಿಗೆಗೆ ಸಿಟ್ಟು ಬಂತು. "ಮೂರು ಸಲ ಗರ್ಭ ನಿಂತಿದೆಯಲ್ಲ, ಗಂಡಸಿನಲ್ಲಿ ದೋಷವಿದ್ದರೆ ನಿಲ್ಲುತ್ತಿತ್ತೇ?" ಎಂದರು. ಬಂಧುಗಳೇ, ಈ ಪ್ರಶ್ನೆ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ, ಆದ್ದರಿಂದ ಇದನ್ನೇ ಹಿಡಿದು ಬರೆಯುತ್ತೇನೆ. ವೈದ್ಯೆ ಶಾಂತವಾಗಿ ಉತ್ತರಿಸಿದರು: ಗರ್ಭ ನಿಲ್ಲುವುದು ಬೇರೆ, ಉಳಿಯುವುದು ಬೇರೆ, ಹುಟ್ಟಬೇಕಾದ ಕೂಸಿನ ಅರ್ಧ ಬಂಡವಾಳ ತಂದೆಯದು, ಅದನ್ನು ನೋಡದೆ ಲೆಕ್ಕ ತಾಳೆಯಾಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗಂಡಸಿನ ವೀರ್ಯಾಣುಗಳ ವಿಚಾರವನ್ನು ಜಗತ್ತಿಗೆ ಬರೆದು ತಿಳಿಸಿದವನು ಡಾಕ್ಟರನೂ ಅಲ್ಲ, ಪಂಡಿತನೂ ಅಲ್ಲ. ನಮ್ಮಂತೆ ಒಬ್ಬ ಬಟ್ಟೆ ವ್ಯಾಪಾರಿ. ಹಾಲೆಂಡ್ ದೇಶದ ಡೆಲ್ಫ್ಟ್ ಎಂಬ ಊರಿನ ಆಂಟನಿ ವಾನ್ ಲೇವನ್‌ಹುಕ್. ಅರಿವೆಯ ನೂಲು ಎಣಿಸಲು ಜವಳಿಯವರು ಒಂದು ಭೂತಗನ್ನಡಿ ಇಟ್ಟುಕೊಳ್ಳುತ್ತಾರೆ. ನನ್ನ ಗಲ್ಲೆಯಲ್ಲಿ ಈಗಲೂ ಒಂದಿದೆ. ಆತ ಅಂಥ ಕನ್ನಡಿಗಳನ್ನು ತಾನೇ ಉಜ್ಜಿ ಉಜ್ಜಿ ಎಷ್ಟು ಸೂಕ್ಷ್ಮ ಮಾಡಿದನೆಂದರೆ, ಕೆರೆಯ ನೀರಿನೊಳಗಿನ ಕಣ್ಣಿಗೆ ಕಾಣದ ಜೀವಿಗಳೂ ಕಂಡವು. 1677ರಲ್ಲಿ ವೀರ್ಯದಲ್ಲಿ ಬಾಲವುಳ್ಳ ಅಸಂಖ್ಯ ಅಣುಗಳು ಓಡಾಡುವುದನ್ನು ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಆತನಿಗೂ ಬಹಳ ಸಂಕೋಚವಾಗಿತ್ತು. ಇದು ವಿದ್ವಾಂಸರಿಗೆ ಅಸಭ್ಯವೆನಿಸಿದರೆ ಅಚ್ಚು ಹಾಕುವುದು ಬೇಡ ಎಂಬರ್ಥದ ಮಾತನ್ನು ಪತ್ರದಲ್ಲಿ ಸೇರಿಸಿದ್ದನು. ಅವರು ಅಚ್ಚು ಹಾಕಿದರು. ಆಗಿನಿಂದ ಮುನ್ನೂರೈವತ್ತು ವರ್ಷ ಸಮೀಪಿಸಿದರೂ ನಮ್ಮ ಮನೆಗಳಲ್ಲಿ ಬಂಜೆ ಎಂಬ ಶಬ್ದಕ್ಕೆ ಪುಲ್ಲಿಂಗ ಬಳಕೆಗೆ ಬಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ರಪಂಚದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಆಯುಷ್ಯದಲ್ಲಿ ಯಾವಾಗಲಾದರೂ ಸಂತಾನ ತಡವಾಗುವ ತೊಂದರೆ ಬರುತ್ತದೆ. ಹೀಗೆ ಮಕ್ಕಳಾಗದ ದಂಪತಿಗಳನ್ನು ತಪಾಸಣೆ ಮಾಡಿದರೆ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಕೆಲವರಲ್ಲಿ ಅದೊಂದೇ ಕಾರಣ, ಕೆಲವರಲ್ಲಿ ಇಬ್ಬರದೂ. ಮತ್ತೆ, ಹೆಂಗಸಿನ ತಪಾಸಣೆಗಳಲ್ಲಿ ಕೆಲವು ಅರಿವಳಿಕೆ ಕೊಟ್ಟು ಮಾಡುವಂಥವು, ನೋವಿನವು, ಸಾವಿರಾರು ರೂಪಾಯಿಯವು. ಗಂಡಸಿನ ಮೊದಲ ತಪಾಸಣೆಗೆ ಸೂಜಿ ಕೂಡ ಚುಚ್ಚುವುದಿಲ್ಲ, ಖರ್ಚೂ ಅಲ್ಪ. ಕಡಿಮೆ ಖರ್ಚಿನದನ್ನು ಬಿಟ್ಟು ಹೆಚ್ಚು ಖರ್ಚಿನದರಿಂದ ಆರಂಭಿಸುವುದು ಯಾವ ವ್ಯಾಪಾರವೋ ನನಗೆ ತಿಳಿಯದು.

ಆ ತಪಾಸಣೆಯ ನಿಯಮ ಇಷ್ಟು. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಡಬೇಕು. ಅದನ್ನು ಸಾಧ್ಯವಾದರೆ ಅರ್ಧ ಗಂಟೆಯಲ್ಲಿ, ಹೆಚ್ಚೆಂದರೆ ಒಂದು ಗಂಟೆಯೊಳಗೆ ನೋಡಬೇಕು. ಆದ್ದರಿಂದ ಲ್ಯಾಬೊರೇಟರಿಯಲ್ಲೇ ಕೊಡುವುದು ಒಳ್ಳೆಯದು. ಒಂದು ಸಲ ಕಡಿಮೆ ಬಂದರೆ ಗಾಬರಿಯಾಗದೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು, ಏಕೆಂದರೆ ಜ್ವರ ಬಂದು ಹೋದರೂ ಸಂಖ್ಯೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ಎಂಬುದು ಕೆಳಗಿನ ಅಂಚು. ಅದಕ್ಕಿಂತ ಕಡಿಮೆಯಿದ್ದವರಿಗೆ ಮಕ್ಕಳೇ ಆಗುವುದಿಲ್ಲವೆಂದಲ್ಲ, ಹೆಚ್ಚಿದ್ದವರಿಗೆ ಆಗಿಯೇ ತೀರುತ್ತದೆಂದೂ ಅಲ್ಲ. ಕಾರಣಗಳು ಅನೇಕ. ವೃಷಣದ ರಕ್ತನಾಳ ಉಬ್ಬಿರುವುದು, ಪ್ರಾಯ ಬಂದ ಮೇಲೆ ಮಂಗನಬಾವು ಬಂದದ್ದು, ಬೀಡಿ-ಗುಟಕಾ, ಅತಿ ಬೊಜ್ಜು. ಈಚೆಗೆ ವ್ಯಾಯಾಮಶಾಲೆಗೆ ಹೋಗುವ ಹುಡುಗರು ಮೈ ತುಂಬಿಕೊಳ್ಳಲೆಂದು ಗಂಡಸುತನದ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಳ್ಳುತ್ತಾರಂತೆ. ಹೊರಗಿನಿಂದ ಆ ಹಾರ್ಮೋನು ಬಂದರೆ ದೇಹ ಒಳಗಿನ ಕಾರಖಾನೆಯನ್ನು ನಿಲ್ಲಿಸಿಬಿಡುತ್ತದೆ, ವೀರ್ಯಾಣು ಶೂನ್ಯಕ್ಕೆ ಇಳಿಯುವುದೂ ಉಂಟು. ತೋಳು ದಪ್ಪವಾಗುತ್ತದೆ, ತೊಟ್ಟಿಲು ಖಾಲಿ.

ನಮ್ಮ ಹುಡುಗನ ಸಂಖ್ಯೆ ಚೆನ್ನಾಗಿಯೇ ಬಂತು. ಅತ್ತಿಗೆಯ ಮುಖ ಅರಳಿತು. ಆದರೆ ವೈದ್ಯೆ ಅಷ್ಟಕ್ಕೆ ಬಿಡಲಿಲ್ಲ.

ಗರ್ಭ ಇಳಿದುಹೋಗುವ ವಿಷಯದಲ್ಲಿ ನಮ್ಮ ಜನ ತಿಳಿಯಬೇಕಾದ ಮೊದಲ ಮಾತೆಂದರೆ ಅದು ಎಷ್ಟು ಸಾಮಾನ್ಯವೆಂಬುದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2021ರಲ್ಲಿ ಕೊಟ್ಟ ಲೆಕ್ಕದಂತೆ, ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಸುಮಾರು 15 ಹೀಗೆ ನಷ್ಟವಾಗುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ. ಮೂರು ಅಥವಾ ಹೆಚ್ಚು ಸಲ ಹೀಗಾಗುವುದು ನೂರು ಹೆಂಗಸರಲ್ಲಿ ಒಬ್ಬರಿಗೂ ಕಡಿಮೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಣತಂತುಗಳ ಎಣಿಕೆಯೇ ತಪ್ಪಿರುತ್ತದೆ. ಅಂದರೆ ಆ ಗರ್ಭ ಮೊದಲ ದಿನದಿಂದಲೇ ಬೆಳೆಯಲಾರದ್ದು. ಪಪ್ಪಾಯಿ ಹಣ್ಣು, ಬಸ್ಸಿನ ಕುಲುಕಾಟ, ಮನೆಯ ಕೆಲಸ ಇವು ಆ ಎಣಿಕೆಯನ್ನು ಕೆಡಿಸಲಾರವು. ಕೆಲವು ದಂಪತಿಗಳಲ್ಲಿ ಒಬ್ಬರ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ, ಬೈಂಡಿಂಗ್ ಮಾಡುವಾಗ ಎರಡು ಖಾತೆಪುಸ್ತಕಗಳ ಹಾಳೆ ಬದಲಾದಂತೆ. ಆ ಒಬ್ಬರು ಆರೋಗ್ಯವಾಗಿಯೇ ಇರುತ್ತಾರೆ, ಕೂಸು ಮಾತ್ರ ಉಳಿಯದೆ ಹೋಗಬಹುದು. ಅದು ಗಂಡನೂ ಆಗಿರಬಹುದು, ಹೆಂಡತಿಯೂ ಆಗಿರಬಹುದು. ಇಬ್ಬರ ರಕ್ತವನ್ನೂ ನೋಡದೆ ತಿಳಿಯುವುದಿಲ್ಲ.

ಇನ್ನು ವೀರ್ಯಾಣುವಿನ ಒಳಗಿನ ಮಾತು. ಸಂಖ್ಯೆ ಸರಿ, ಓಟ ಸರಿ. ಆದರೆ ಅದು ಹೊತ್ತು ತರುವ ಡಿಎನ್‌ಎ ಎಂಬ ವಂಶದ ಎಳೆ ಅಲ್ಲಲ್ಲಿ ಹರಿದಿದ್ದರೆ? ಹೊರಗಿನಿಂದ ಥಾನು ಹೊಸದು, ಬಿಚ್ಚಿದರೆ ಒಳಗೆ ನುಸಿ ಹೊಡೆದದ್ದು. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ಪತ್ನಿಗೆ ಮತ್ತೆ ಮತ್ತೆ ಗರ್ಭನಷ್ಟವಾದ 50 ಗಂಡಸರನ್ನೂ ಅಂಥ ಕಷ್ಟವಿಲ್ಲದ 60 ಗಂಡಸರನ್ನೂ ಹೋಲಿಸಿ ನೋಡಿದರು. ಮೊದಲಿನವರ ವೀರ್ಯಾಣುಗಳಲ್ಲಿ ಡಿಎನ್‌ಎ ಹಾನಿ ಎರಡು ಪಟ್ಟಿತ್ತು. ಅದಕ್ಕೂ ಮೊದಲು, 2007ರಲ್ಲಿ, ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯ ಗಂಡಸರನ್ನು ನೋಡಿದ್ದರು. ಸಂಖ್ಯೆಯಲ್ಲಿ, ಆಕಾರದಲ್ಲಿ, ಓಟದಲ್ಲಿ ಅವರಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಡಿಎನ್‌ಎ ತುಂಡಾದದ್ದು ಮಾತ್ರ ಉಳಿದವರಲ್ಲಿ ನೂರಕ್ಕೆ 32 ಇದ್ದರೆ ಇವರಲ್ಲಿ 53. ಇವು ಕೆಲವೇ ಜನರ ಮೇಲೆ ಮಾಡಿದ ಸಣ್ಣ ಅಧ್ಯಯನಗಳು, ಇದನ್ನೇ ಶಾಸನವೆಂದು ಹಿಡಿಯಬಾರದೆಂದು ವೈದ್ಯೆಯೇ ಹೇಳಿದರು. ಆದರೂ ಆಕೆ ಹುಡುಗನಿಗೆ ಸಕ್ಕರೆ ತಪಾಸಣೆ ಬರೆದುಕೊಟ್ಟದ್ದು ಇದೇ ಕಾರಣಕ್ಕೆ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.4 ಬಂತು. 6.5 ದಾಟಿದರೆ ಸಕ್ಕರೆ ಕಾಯಿಲೆ. 37 ವರ್ಷದ ಹುಡುಗ, ಒಂದು ದಿನ ಜ್ವರವೆಂದು ಮಲಗಿದವನಲ್ಲ. ತಂದೆಗೆ 1998ರಿಂದ ಸಕ್ಕರೆಯಿದ್ದರೂ ಮಗನ ರಕ್ತವನ್ನು ನೋಡಬೇಕೆಂದು ಯಾವ ಡಾಕ್ಟರೂ ಅದುವರೆಗೆ ಸೂಚಿಸಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ಕಾಯಿಲೆಯಿದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಬೆಳಗಿನಿಂದ ಗಾದಿಯ ಮೇಲೆ ಕುಳಿತು, ಗಿರಾಕಿ ಬಂದಾಗಲೆಲ್ಲ ಅವರೊಂದಿಗೆ ಒಂದು ಕಪ್ ಸಿಹಿ ಚಹಾ ಕುಡಿಯುವ ನಾವು ಆ ಹೊಸ್ತಿಲಿಗೆ ಎಷ್ಟು ಹತ್ತಿರವೆಂದು ಬೇರೆ ಹೇಳಬೇಕಾಗಿಲ್ಲ.

ಹೆಣ್ಣಿನ ಸಕ್ಕರೆಯ ಮಾತೂ ಇಲ್ಲಿ ಬರುತ್ತದೆ. ಗರ್ಭ ನಿಲ್ಲುವ ಹೊತ್ತಿಗೆ ತಾಯಿಯ ಸಕ್ಕರೆ ಬಹಳ ಏರಿದ್ದರೆ ಗರ್ಭನಷ್ಟವೂ ಕೂಸಿನ ಅಂಗದೋಷವೂ ಹೆಚ್ಚು. ಆದರೆ 1988ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಧೈರ್ಯ ಕೊಡುವಂಥದು. ಇನ್ಸುಲಿನ್ ತೆಗೆದುಕೊಳ್ಳುವ ಹೆಂಗಸರನ್ನೂ ಕಾಯಿಲೆಯಿಲ್ಲದ ಹೆಂಗಸರನ್ನೂ ಗರ್ಭದ ಆರಂಭದಿಂದಲೇ ಗಮನಿಸಿದರು. ಎರಡೂ ಗುಂಪಿನಲ್ಲಿ ನಷ್ಟ ನೂರಕ್ಕೆ ಸುಮಾರು 16, ಅಂದರೆ ಸಮ. ಆದರೆ ಕಾಯಿಲೆಯವರಲ್ಲೇ ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ನಷ್ಟ ಹೆಚ್ಚಾಗಿತ್ತು. ಆದ್ದರಿಂದ ಸಕ್ಕರೆಯಿರುವ ಹೆಣ್ಣುಮಗಳು ಮೊದಲು ಹತೋಟಿಗೆ ತಂದುಕೊಂಡು ಆಮೇಲೆ ಗರ್ಭ ಧರಿಸಬೇಕು, ನಿಂತ ಮೇಲೆ ಓಡಾಡುವುದಲ್ಲ. ಸಕ್ಕರೆಯಿದೆಯೆಂದು ಸಂಬಂಧ ತಪ್ಪಿಸುವವರು ಈ ಅಂಕಿ ನೋಡಬೇಕು.

ಹುಡುಗನಿಗೆ ಔಷಧ, ನಡಿಗೆ, ಪಥ್ಯ ಆರಂಭವಾಯಿತು. ಗುಟಕಾ ಬಿಟ್ಟನು, ಅದೇ ಅವನಿಗೆ ಎಲ್ಲಕ್ಕಿಂತ ಕಠಿಣವಾಯಿತು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಮುಂದೆ ಪಕ್ವವಾಗಲು ಒಂದೆರಡು ವಾರ. ಹೀಗಾಗಿ ಇಂದು ಮಾಡಿದ ಪಥ್ಯದ ಫಲ ಮೂರು ತಿಂಗಳ ಮುದ್ದತಿನ ಹುಂಡಿ, ಅದಕ್ಕೆ ಮೊದಲು ವಟಾಯಿಸಲಾಗದು. ಎಂಟು ತಿಂಗಳಲ್ಲಿ ಸಕ್ಕರೆ 6.6ಕ್ಕೆ ಬಂತು. ಮುಂದಿನ ವರ್ಷ ಗರ್ಭ ನಿಂತು, ಉಳಿದು, ಹೆಣ್ಣುಕೂಸು ಹುಟ್ಟಿತು. ಈಗ ಅದು ಅಂಗಡಿಗೆ ಬಂದರೆ ಗಜಕಟ್ಟಿಗೆ ಹಿಡಿದುಕೊಂಡು ಬಿಡುವುದಿಲ್ಲ. ಆದರೆ ಸಕ್ಕರೆ ಇಳಿದದ್ದರಿಂದಲೇ ಕೂಸು ಉಳಿಯಿತೆಂದು ನಾನು ಬರೆಯಲಾರೆ. ಕಾರಣ ಸಿಗದೆ ಮೂರು ಸಲ ನಷ್ಟವಾದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಮುಂದಿನ ಗರ್ಭ ತಾನಾಗಿಯೇ ಉಳಿಯುತ್ತದೆ, ವೈದ್ಯೆ ಇದನ್ನು ಮೊದಲ ದಿನವೇ ಹೇಳಿದ್ದರು. ಫಲ ಖಂಡಿತವೆಂದು ಹಣ ಕೇಳುವವರಿಂದ ದೂರವಿರಲು ಈ ಒಂದು ಮಾತು ಸಾಕು.

ಹಾಗಾದರೆ ಗಂಡಸಿನ ತಪಾಸಣೆಯಿಂದ ಖಚಿತವಾಗಿ ಆದ ಲಾಭವೇನು? ಲಾಭವಾದದ್ದು ಆ ಹುಡುಗನಿಗೇ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 1965ರಿಂದ 2015ರವರೆಗೆ ವೀರ್ಯ ತಪಾಸಣೆಗೆ ಬಂದ 78 ಸಾವಿರಕ್ಕೂ ಹೆಚ್ಚು ಗಂಡಸರ ಆಯುಷ್ಯದ ಲೆಕ್ಕ ಹಾಕಿ 2025ರಲ್ಲಿ ಪ್ರಕಟಿಸಿದರು. ಚಲಿಸುವ ವೀರ್ಯಾಣು ಹೇರಳವಾಗಿದ್ದವರು, ತೀರ ಕಡಿಮೆ ಇದ್ದವರಿಗಿಂತ ಸರಾಸರಿ 2.7 ವರ್ಷ ಹೆಚ್ಚು ಬದುಕಿದ್ದರು. ವೀರ್ಯಾಣು ಆಯುಷ್ಯ ಕೊಡುತ್ತದೆಂದು ಇದರ ಅರ್ಥವಲ್ಲ. ಒಳಗೆ ಬೇರೇನೋ ಕೆಟ್ಟಿದ್ದರೆ ಅದು ಮೊದಲು ಇಲ್ಲಿ ಕಾಣಿಸಿಕೊಳ್ಳಬಹುದು, ಅಷ್ಟೇ. ಮೂವತ್ತರ ವಯಸ್ಸಿನ ವ್ಯಾಪಾರಿ ಬೇರೆ ಯಾವ ನೆವದಿಂದ ದವಾಖಾನೆಯ ಮೆಟ್ಟಿಲು ಹತ್ತುತ್ತಾನೆ? ನಮ್ಮ ಹುಡುಗನಿಗೆ ಆ ಚೀಟಿ ಬರೆಯದೇ ಹೋಗಿದ್ದರೆ ಅವನ ಸಕ್ಕರೆ ಇನ್ನೂ ಹತ್ತು ವರ್ಷ ಸದ್ದಿಲ್ಲದೆ ಇರುತ್ತಿತ್ತು. ಸದ್ದಿಲ್ಲದೆ ಇದ್ದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ಅದೇ ಮನೆಯಲ್ಲಿ ಅವನ ತಂದೆ.

ಅಣ್ಣನಿಗೆ 71. ಮಗನ ಓಡಾಟ ನಡೆದಿದ್ದಾಗಲೇ ಅವನಿಗೆ ಅಂಗಡಿಯ ಅಟ್ಟ ಹತ್ತಿದರೆ ಏದುಸಿರು ಬರತೊಡಗಿತು. ರಾತ್ರಿ ಎರಡು ದಿಂಬು ಬೇಕು, ಸಂಜೆ ಪಾದ ಊದಿಕೊಳ್ಳುತ್ತಿತ್ತು. ವಯಸ್ಸೆಂದು ಎಲ್ಲರೂ ಅಂದರು. ಸೊಲ್ಲಾಪುರದಲ್ಲಿ ಆಂಜಿಯೋಗ್ರಫಿ ಆಯಿತು, ನಾಳಗಳೆಲ್ಲ ಚೆನ್ನಾಗಿವೆ. ಹೃದಯಕ್ಕೆ ಏನೂ ಆಗಿಲ್ಲವೆಂದು ಬೀಗರಿಗೆಲ್ಲ ಫೋನು ಹೋಯಿತು. ಏದುಸಿರು ಮಾತ್ರ ಹೋಗಲಿಲ್ಲ.

ಹೃದಯದ ರೋಗವೆಂದರೆ ನಾಳ ಕಟ್ಟುವುದೊಂದೇ ಎಂದು ನಾವು ತಿಳಿದಿದ್ದೇವೆ. 1972ರಲ್ಲಿ ರೂಬ್ಲರ್ ಎಂಬ ಅಮೆರಿಕದ ವೈದ್ಯರು ತಮ್ಮ ಸಂಗಡಿಗರೊಂದಿಗೆ, ಹೃದಯ ಸೋತು ತೀರಿಕೊಂಡ ನಾಲ್ಕು ಮಂದಿ ಸಕ್ಕರೆ ರೋಗಿಗಳ ವಿವರ ಪ್ರಕಟಿಸಿದರು. ಅವರ ಹೃದಯಗಳನ್ನು ಪರೀಕ್ಷಿಸಿದಾಗ ಹಿಗ್ಗಿ ದುರ್ಬಲವಾದದ್ದು ಕಂಡಿತು, ನಾಳದಲ್ಲಿ ಹೇಳಿಕೊಳ್ಳುವಂಥ ತಡೆ ಕಾಣಲಿಲ್ಲ. ಎರಡು ವರ್ಷದ ಮೇಲೆ, 1948ರಿಂದ ಒಂದೇ ಊರಿನ ಜನರ ಹೃದಯವನ್ನು ಗಮನಿಸುತ್ತ ಬಂದ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದವರು ಅಂಕಿ ಕೊಟ್ಟರು. ಸಕ್ಕರೆಯಿರುವ ಗಂಡಸರಿಗೆ ಹೃದಯ ಸೋಲುವ ಸಂಭವ ಎರಡು ಪಟ್ಟಿಗೂ ಹೆಚ್ಚು, ಹೆಂಗಸರಿಗೆ ಐದು ಪಟ್ಟು. ಹೆಂಗಸರ ಅಂಕಿಯನ್ನು ಇನ್ನೊಮ್ಮೆ ಓದಿರಿ. ಏಕೆಂದರೆ ಮಕ್ಕಳ ವಿಷಯದಲ್ಲಿ ತಪಾಸಣೆ ತಪ್ಪಿಸಿಕೊಳ್ಳುವವನು ಗಂಡಸಾದರೆ, ಏದುಸಿರಿನ ವಿಷಯದಲ್ಲಿ ಯಾರೂ ದವಾಖಾನೆಗೆ ಕರೆದೊಯ್ಯದವಳು ಮನೆಯ ಅಜ್ಜಿ.

ಕಾರಣವನ್ನು ಅಣ್ಣನ ಡಾಕ್ಟರರು ಹೀಗೆ ಹೇಳಿದರು. ಬಹುವರ್ಷದ ಸಕ್ಕರೆಯಿಂದ ಹೃದಯದ ಮಾಂಸ ಬಿರುಸಾಗುತ್ತದೆ. ಮುಷ್ಟಿ ಬಿಗಿ ಹಿಡಿಯಲು ಬರುತ್ತದೆ, ಪೂರ್ತಿ ಸಡಿಲಿಸಲು ಬರುವುದಿಲ್ಲ. ಸಡಿಲವಾಗದೆ ರಕ್ತ ಒಳಗೆ ತುಂಬುವುದಿಲ್ಲ, ಅದು ಹಿಂದೆ ಸರಿದು ಶ್ವಾಸಕೋಶದಲ್ಲಿ ಒತ್ತಡ ಮಾಡುತ್ತದೆ. ಇದು ಎಕೋ ಎಂಬ ಸ್ಕ್ಯಾನಿನಲ್ಲಿ ಕಾಣುತ್ತದೆ. ಇನ್ನೊಂದು ಅಪಾಯವೆಂದರೆ ಸಕ್ಕರೆಯಿಂದ ನರಗಳು ಮಂಕಾಗಿ, ಹೃದಯಾಘಾತವಾದರೂ ಎದೆನೋವು ಬಾರದೆ ಹೋಗಬಹುದು. ನೋವಿಲ್ಲವೆಂಬುದು ಕ್ಷೇಮದ ರಸೀತಿಯಲ್ಲ.

ಅಣ್ಣನಿಗೆ ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆ ಕೊಟ್ಟರು. ಇದರ ಮೂಲ ಸೇಬಿನ ಮರ. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಬೇರ್ಪಡಿಸಿದ ಕಹಿ ಪದಾರ್ಥವೊಂದು ಮೂತ್ರದಲ್ಲಿ ಸಕ್ಕರೆ ಹೋಗುವಂತೆ ಮಾಡುತ್ತದೆಂದು ಮುಂದೆ ತಿಳಿದುಬಂದಿತ್ತು. ಆ ಗುಣವನ್ನೇ ಹಿಡಿದು ಬಹುಕಾಲದ ಮೇಲೆ ಈ ಜಾತಿಯ ಗುಳಿಗೆಗಳನ್ನು ಮಾಡಿದರು. ಸೋಸಿದ ಸಕ್ಕರೆಯನ್ನು ಮೂತ್ರಪಿಂಡ ಮತ್ತೆ ರಕ್ತಕ್ಕೆ ಜಮಾ ಮಾಡುತ್ತದೆ, ಇದು ಆ ಜಮಾವನ್ನು ತಡೆದು ಹೊರಗೆ ಬಿಡುತ್ತದೆ. 2015ರಲ್ಲಿ ಪ್ರಕಟವಾದ, 7 ಸಾವಿರ ಹೃದ್ರೋಗವಿದ್ದ ಸಕ್ಕರೆ ರೋಗಿಗಳ ಅಧ್ಯಯನದಲ್ಲಿ ಹೃದಯದ ಕಾರಣದಿಂದ ಸಾಯುವವರು ಮೂರು ವರ್ಷಗಳಲ್ಲಿ ನೂರಕ್ಕೆ ಸುಮಾರು 6 ಇದ್ದದ್ದು 4ಕ್ಕೆ ಇಳಿಯಿತು. ಇದನ್ನೇ ಶೇಕಡಾ 38 ಇಳಿತವೆಂದೂ ಬರೆಯುತ್ತಾರೆ. ನಾನು ವ್ಯಾಪಾರಿ, ನೂರರಲ್ಲಿ ಎಷ್ಟು ಉಳಿಯಿತೆಂದು ನೋಡುವವನು, ಇಬ್ಬರು ಉಳಿದರು. ಮೊದಲು ದುಬಾರಿಯಾಗಿದ್ದ ಈ ಗುಳಿಗೆಯ ಪೇಟೆಂಟು ನಮ್ಮ ದೇಶದಲ್ಲಿ 2025ರ ಮಾರ್ಚಿನಲ್ಲಿ ಮುಗಿದು, ಅನೇಕ ಕಂಪನಿಗಳು ತಯಾರಿಸತೊಡಗಿದ ಮೇಲೆ ದರ ಬಹಳ ಇಳಿದಿದೆ. ಎಲ್ಲರಿಗೂ ಇದು ಹೊಂದುವುದಿಲ್ಲ, ಮೂತ್ರದ ಜಾಗದಲ್ಲಿ ತುರಿಕೆ ಸೋಂಕು ಕೆಲವರಿಗೆ ಬರುತ್ತದೆ. ಡಾಕ್ಟರು ಬರೆಯದೆ ಅಂಗಡಿಯಿಂದ ತಂದು ನುಂಗುವಂಥದಲ್ಲ.

ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವಿದೆ. ಈ ಗುಳಿಗೆ ತೆಗೆದುಕೊಳ್ಳುವವರು ನಿರಾಹಾರ ಉಪವಾಸ ಮಾಡಿದರೆ ರಕ್ತದಲ್ಲಿ ಆಮ್ಲ ಏರಬಹುದು. ಮಷಿನ್ನಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣುವುದಿಲ್ಲ, ಆದರೆ ವಾಂತಿ, ಹೊಟ್ಟೆನೋವು, ಏದುಸಿರು ಬಂದು ಜೀವಕ್ಕೆ ಅಪಾಯವಾಗುತ್ತದೆ. ಇನ್ಸುಲಿನ್ ಅಥವಾ ಹಳೆಯ ಕೆಲವು ಗುಳಿಗೆ ತೆಗೆದುಕೊಳ್ಳುವವರಿಗೆ ಇದಕ್ಕೆ ವಿರುದ್ಧ, ಉಪವಾಸದಲ್ಲಿ ಸಕ್ಕರೆ ತೀರ ಕುಸಿಯುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಉಂಡು ಮರುದಿನ ಬೆಳಗಿನವರೆಗೆ ನೀರನ್ನೂ ಮುಟ್ಟದವರು ಇದನ್ನು ಡಾಕ್ಟರರಿಗೆ ಬಾಯಿಬಿಟ್ಟು ಹೇಳಬೇಕು. ಅವರಿಗೆ ನಮ್ಮ ರೂಢಿ ಗೊತ್ತಿರುವುದಿಲ್ಲ, ರಾತ್ರಿ ಊಟಕ್ಕೆ ಮೊದಲು ಎಂದು ಬರೆದುಬಿಡುತ್ತಾರೆ. ಅಣ್ಣನು ಪರ್ವಕ್ಕೆ ಹದಿನೈದು ದಿನ ಮೊದಲೇ ಹೋಗಿ ಕೇಳಿಕೊಂಡು ಬಂದನು. ಹತ್ತು ದಿನದ ಉಪವಾಸದ ಬದಲು ಏಕಾಶನ, ಅದೂ ಎರಡು ದಿನ ಮಾತ್ರ. ಆ ಗುಳಿಗೆಯನ್ನು ಅವರು ಹೇಳಿದಷ್ಟು ದಿನ ಮುಂಚೆ ನಿಲ್ಲಿಸಿ, ಪಾರಣೆಯ ಮೇಲೆ ಮತ್ತೆ ಆರಂಭಿಸಿದನು. ಆ ಚೀಟಿಯನ್ನು ಅತ್ತಿಗೆ ಪಂಚಾಂಗದೊಳಗೆ ಮಡಚಿ ಇಟ್ಟುಕೊಂಡಿದ್ದಾರೆ.